ಹುಲ್ಲಿಲ್ಲದ ಅಂಗಳ

ಏಪ್ರಿಲ್ ತಿಂಗಳು. ಬೀದಿಬದಿಯ ಗಿಡಗಳು ಎಲೆ ಚಿಗುರುವ ಮೊದಲೇ ಮೈತುಂಬ ನೇರಳೆ ಹೂ ಬಿಟ್ಟು ನಿಲ್ಲುವ ವಾರ. ಬೆಳಗಿನ ಏಳು ಗಂಟೆಗೆ ಇನ್ನೂ ಸ್ವಲ್ಪ ಇತ್ತು. ಓಜೆಲ್ಲಾ ಟಿಲ್ಮನ್ ಗೇಟಿನಿಂದ ಶುರುಮಾಡಿ, ಜಗಲಿಯ ಕಡೆಗೆ ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಅಂಗಳವನ್ನು ಅರ್ಧ ಗುಡಿಸಿದ್ದಳು. ಗುಡಿಸಿದವರ ಹೆಜ್ಜೆಯೂ ಅಂಗಳದಲ್ಲಿ ಉಳಿಯಬಾರದು. ಮಿಸಿಸಿಪ್ಪಿಯಲ್ಲಿ ಅವಳ ಅವ್ವ ಹಾಗೆ ಕಲಿಸಿದ್ದಳು. ಕೈಯಲ್ಲಿದ್ದ ಕಡ್ಡಿಪೊರಕೆ, ಆ ಬರಲೂ ಅಂಗಡಿಯದಲ್ಲ, ಹಳ್ಳದ ದಂಡೆಯಿಂದ ಸಣ್ಣ ಕೊಂಬೆಗಳನ್ನು ಮುರಿದು ತಂದು, ಒಣಗಿಸಿ, ಹಳೇ ಬಟ್ಟೆಯ ಪಟ್ಟಿಯಲ್ಲಿ ಬಿಗಿದು ಕಟ್ಟಿದ್ದು. ಅದು ಎಳೆದಲ್ಲೆಲ್ಲ ನೆಲದ ಮೇಲೆ ಬೀಸಣಿಗೆಯಂಥ ಗೆರೆ ಮೂಡುತ್ತಿತ್ತು. ನೆಲ ಕೆಂಪಾಗಿ, ಗಟ್ಟಿಯಾಗಿ, ಊಟಕ್ಕೆ ಕೂರಬಹುದಾದಷ್ಟು ಚೊಕ್ಕಟವಾಗಿತ್ತು. ಒಂದು ಹುಲ್ಲಿನ ಎಸಳೂ ಇರಲಿಲ್ಲ.

ಗೇಟಿನಾಚೆ ಬಿಳಿ ಕಾರೊಂದು ಬಂದು ನಿಂತಿತು. ಇಳಿದವನು ಫೋನು ಎತ್ತಿ ಅಂಗಳದ ಚಿತ್ರ ತೆಗೆದ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಂದು ತೆಗೆದ.

"ಗುಡ್ ಮಾರ್ನಿಂಗ್, ಮಿಸ್ ಓಜೆಲ್ಲಾ."

"ಯಾರಪ್ಪಾ ಅದು? ಬಿಸಿಲು ಕಣ್ಣಿಗೆ ಹೊಡೀತಿದೆ. ಈ ಕಡೆ ಬಾ." ಅವಳು ಕೈ ಅಡ್ಡ ಹಿಡಿದು ನೋಡಿದಳು. "ಲುಟಿಷಾ ಮೊಮ್ಮಗ ಅಲ್ವೇನೋ ನೀನು? ಕಾರ್ಡೆಲ್! ಅಯ್ಯೋ ನನ್ನಪ್ಪ, ಎಷ್ಟು ಎತ್ತರ ಆಗ್ಬಿಟ್ಟಿದೀಯೋ! ಒಳಗೆ ಬಾ. ಬರ್ಡಿ ಮೊಟ್ಟೆ ಹುರೀತಿದಾಳೆ."

"ಒಳಗೆ ಬರೋ ಹಾಗಿಲ್ಲ, ಮಿಸ್ ಓಜೆಲ್ಲಾ. ಡ್ಯೂಟಿ ಮೇಲಿದೀನಿ."

"ಬೆಳಬೆಳಗ್ಗೆ ಯಾವ ಡ್ಯೂಟಿ ಮಗಾ?"

"ಪುರಸಭೆಯವ್ರು ಮನೆ ತಪಾಸಣೆ ಕೆಲಸ ಕೊಟ್ಟಿದಾರೆ. ನಿಮ್ಮ ಅಂಗಳದ ವಿಷ್ಯ."

"ಅಂಗಳಕ್ಕೇನಾಯ್ತು?"

ಕಾರ್ಡೆಲ್ ತನ್ನ ಬೂಟು ನೋಡಿಕೊಂಡ. "ಹುಲ್ಲಿಲ್ಲ."

ಓಜೆಲ್ಲಾ ನಕ್ಕುಬಿಟ್ಟಳು. ಮದುವೆ ಮನೆಗೆ ಬಂದವರು ನಿಮ್ಮ ಹುಡುಗಿಗೆ ಗಡ್ಡವಿಲ್ಲ ಎಂದರೆ ನಗು ಬರುವುದಿಲ್ಲವೇ, ಹಾಗೆ. "ಇಲ್ಲಪ್ಪಾ, ಇಲ್ಲ. ಬರೋಕೆ ಬಿಟ್ರೆ ತಾನೇ? ನಿಮ್ಮಜ್ಜಿ ಅಂಗಳದಲ್ಲಿ ಇತ್ತಾ? ಹುಲ್ಲು ಬೆಳೆದ ಅಂಗಳ ಅಂದ್ರೆ ಮನೇಲಿ ಯಾರೋ ಹಾಸಿಗೆ ಹಿಡಿದಿದಾರೆ, ಇಲ್ಲಾ ಹೆಂಗಸು ಸೋಮಾರಿ ಅಂತ ಅರ್ಥ ಅಂತಿದ್ಲು ಲುಟಿಷಾ."

ಕಾರ್ಡೆಲ್ ನಗಲಿಲ್ಲ. ಕೈಯ ಪುಸ್ತಕದಿಂದ ಹಳದಿ ನೋಟಿಸ್ ಕಾಗದವೊಂದನ್ನು ಹರಿದು ಬೇಲಿಯ ಮೇಲಿಂದ ಚಾಚಿದ. ಅದನ್ನು ತೆಗೆದುಕೊಳ್ಳಲು ಓಜೆಲ್ಲಾ ಆಗಷ್ಟೇ ಗುಡಿಸಿದ ನೆಲದ ಮೇಲೆ ನಡೆದು ಹೋಗಬೇಕಾಯಿತು.

*

ಲಾರ್ಕ್‌ಮೂರ್ ಅಂದರೆ ಸೇಂಟ್ ಲೂಯಿಸ್ ನಗರದ ಮಗ್ಗುಲಲ್ಲಿ ಸಿಕ್ಕಿಕೊಂಡ ಪುಟ್ಟ ಊರು. ರೇಡಿಯೋದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಕಾರು ಊರು ದಾಟಿರುತ್ತದೆ. ಇಷ್ಟು ಸಣ್ಣ ಊರಿಗೂ ಒಬ್ಬ ಮೇಯರ್, ಒಂದು ಪುರಸಭೆ, ಅದರದೇ ಪೊಲೀಸರು, ಅದರದೇ ಕೋರ್ಟು. ಇವರೆಲ್ಲರ ಸಂಬಳಕ್ಕೆ ಊರಲ್ಲಿ ಕಾರ್ಖಾನೆಯಿಲ್ಲ, ದೊಡ್ಡ ಅಂಗಡಿಯಿಲ್ಲ. ಮೊದಲೆಲ್ಲ ಆದಾಯಕ್ಕೆ ರಸ್ತೆ ಇತ್ತು. ದೀಪ ಒಡೆದ ಕಾರು, ವೇಗ ಮೀರಿದ ಕಾರು, ಯಾವುದು ಸಿಕ್ಕರೂ ತಡೆದು ಜುಲ್ಮಾನೆ ಹಾಕುತ್ತಿದ್ದರು. ಅದು ಅತಿಯಾಗಿ, ರಾಜ್ಯದ ದೊಡ್ಡವರೇ ಕಣ್ಣು ಬಿಟ್ಟು, ರಸ್ತೆಯ ಜುಲ್ಮಾನೆಗೆ ಮಿತಿ ಹಾಕಿದರು. ಜನ ಅಬ್ಬ ಎಂದರು. ಆದರೆ ರಸ್ತೆಯ ಮೇಲಿದ್ದ ಕಣ್ಣು ಮುಚ್ಚಲಿಲ್ಲ. ಮನೆಬಾಗಿಲ ಕಡೆಗೆ ತಿರುಗಿತು.

ಜಗಲಿಯ ಬಣ್ಣ ಎದ್ದಿದ್ದರೆ ಕಾಗದ. ಹೆಂಚು ಸರಿದಿದ್ದರೆ ಕಾಗದ. ಪಕ್ಕದ ಮನೆಯ ಕ್ಲಿಯೋಥಾ ಬ್ರಿಗ್ಸ್, ಚರ್ಚಿನ ಹಿರಿಯ, ಡೀಕನ್ ಎಂದೇ ಎಲ್ಲರೂ ಕರೆಯುವ ಮುದುಕ, ಅವನ ಕಿಟಕಿಯ ಪರದೆ ಒಂದು ಕಡೆ ವಾಲಿದ್ದಕ್ಕೆ ಕಾಗದ ಬಂದಿತ್ತು.

"ನನ್ನ ಪರದೆಗೆ ಮೆಳ್ಳೆಗಣ್ಣಂತೆ, ಓಜೆಲ್ಲಾ," ಎಂದು ಅವನು ಬೇಲಿಯ ಮೇಲೆ ಮೊಣಕೈಯೂರಿ ಹೇಳಿದ್ದ. "ನನ್ನ ಹೆಂಡ್ತಿಗೂ ಸ್ವಲ್ಪ ಮೆಳ್ಳೆಗಣ್ಣಿತ್ತು. ನಲವತ್ತು ವರ್ಷ ಕಿಟಕೀಲಿ ಕೂತಿದ್ಲು ಪಾಪ, ಒಂದು ನೋಟಿಸೂ ಬರಲಿಲ್ಲ."

ಎಲ್ಲರಿಗೂ ತಮಾಷೆ ಆಗಲಿಲ್ಲ. ಮೂಲೆಮನೆಯ ಲೊರೀನ್ ಚಾವಣಿ ರಿಪೇರಿ ಮಾಡಿಸಲಾರದೆ ಕಾಗದದ ಮೇಲೆ ಕಾಗದ ಹೇರಿಸಿಕೊಂಡಳು. ಕಡೆಗೆ ಬಾಕಿಯೆಲ್ಲ ಮನೆಯ ಮೇಲೆ ಕೂತು, ಮನೆ ಹರಾಜಾಯಿತು. ಅವಳ ಕಡೆಯ ಕಾಗದಗಳಿಗೆ ಸಹಿ ಹಾಕಿದವನೂ ಕಾರ್ಡೆಲ್ ಎಂಬುದು ಓಜೆಲ್ಲಾಗೆ ಆಮೇಲೆ ತಿಳಿಯಿತು. ಈಗ ಅವಳು ಸೊಸೆಯ ಮನೆಯ ನೆಲಮಾಳಿಗೆಯಲ್ಲಿದ್ದಾಳೆ. ಚರ್ಚಿಗೆ ಬಂದರೂ ಹಿಂದಿನ ಸಾಲಿನಲ್ಲಿ ಕೂತು, ಕಡೆಯ ಹಾಡಿಗೆ ಮುಂಚೆ ಎದ್ದು ಹೋಗುತ್ತಾಳೆ.

ಅದಕ್ಕೇ ಬರ್ಡಿ ಹೆದರಿದ್ದು. ಬರ್ಡಿ ಓಜೆಲ್ಲಾಳ ತಂಗಿ, ಮದುವೆಯಾದವಳಲ್ಲ, ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಓಜೆಲ್ಲಾಳ ಗಂಡ ಆರ್ಜೆಲ್ ತೀರಿಕೊಂಡ ಮೇಲೆ ಅಕ್ಕನ ಜೊತೆಗೇ ಇದ್ದಳು. ಹಳದಿ ಕಾಗದವನ್ನು ಮೇಜಿನ ಮೇಲಿಟ್ಟು, ಮೊಟ್ಟೆಯ ತಟ್ಟೆಯನ್ನು ಅದರ ಪಕ್ಕಕ್ಕೆ ಕುಕ್ಕಿ ಕೇಳಿದಳು:

"ಹುಲ್ಲು ತಾನೇ ಅಕ್ಕಾ? ಹಾಕಿಸಿಬಿಡು. ದನಗಳು ತಿನ್ನೋ ಪದಾರ್ಥ. ಅದಕ್ಕೋಸ್ಕರ ಮನೆ ಕಳ್ಕೊಳ್ಳೋದಾ?"

"ನಂಗೆ ದನ ಇಲ್ವಲ್ಲೇ."

"ತಮಾಷೆ ಬೇಡ. ಲೊರೀನ್‌ನ ನೋಡು."

"ನೋಡ್ತಾನೇ ಇದೀನಿ ಕಣೇ. ಅದಕ್ಕೇ ಹೇಳ್ತಿರೋದು. ಲೊರೀನ್ ಹೇಳಿದ್ದಕ್ಕೆಲ್ಲ ಹೂಂ ಅಂದ್ಲು. ಏನು ಉಳೀತು ಅವಳಿಗೆ?"

ಬರ್ಡಿಗೆ ಗೊತ್ತಿಲ್ಲದ ಒಂದು ವಿಷಯ ಓಜೆಲ್ಲಾಗೆ ಗೊತ್ತಿತ್ತು. ಬರ್ಡಿ ಆಗಿನ್ನೂ ಮಿಸಿಸಿಪ್ಪಿಯಲ್ಲೇ ಇದ್ದಳು. ಎಪ್ಪತ್ತೆರಡನೆಯ ಇಸವಿಯ ಬೇಸಿಗೆ. ಈ ಬೀದಿಗೆ ಬಂದ ಕರಿಯರಲ್ಲಿ ಇವರದು ಎರಡನೆಯ ಮನೆ. ಆರ್ಜೆಲ್ ಎರಕದ ಕಾರ್ಖಾನೆಯ ಬೆಂಕಿಯ ಮುಂದೆ ನಿಂತು ದುಡಿದು ಕೊಂಡದ್ದು. ಬಂದ ಮೊದಲ ಭಾನುವಾರವೇ ಓಜೆಲ್ಲಾ ಅಂಗಳದ ಹುಲ್ಲು ಕಿತ್ತು, ನೆಲ ಬಡಿದು ಸಮ ಮಾಡಿದಳು. ಎದುರುಮನೆಯ ಬಿಳಿಯರು ಪರದೆಯ ಹಿಂದೆ ನಿಂತು ನೋಡಿದರು. ಆ ವರ್ಷ ಮುಗಿಯುವ ಮೊದಲು ಪುರಸಭೆ ಹೊಸ ನಿಯಮ ಬರೆಯಿತು: ಮುಂದಿನ ಅಂಗಳದಲ್ಲಿ ಹುಲ್ಲಿರಬೇಕು, ಜಗಲಿಯಲ್ಲಿ ಸೋಫಾ ಇರಬಾರದು, ಮನೆಯ ಮುಂದೆ ಮಾಂಸ ಸುಡಬಾರದು. ಯಾರಿಗಾಗಿ ಬರೆದದ್ದು ಎಂದು ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಕೆಂಪು ಮೂತಿಯ ತಪಾಸಣೆಯವನೊಬ್ಬ ಇದೇ ಬೇಲಿಯ ಹತ್ತಿರ ನಿಂತು, ತಲೆಯ ಹ್ಯಾಟು ತೆಗೆಯದೆ, ಆರ್ಜೆಲ್‌ನನ್ನು ಲೋ ಎಂದು ಕರೆದು ಕಾಗದ ಕೊಟ್ಟ.

ಆರ್ಜೆಲ್ ಹುಲ್ಲು ಹಾಕಿದ. ಪ್ರತಿ ಶನಿವಾರ ಹಲ್ಲು ಕಚ್ಚಿಕೊಂಡು ಕತ್ತರಿಸಿದ. ಒಂದೊಂದೇ ಬಿಳಿಯರ ಮನೆ ಮಾರಾಟವಾಗಿ, ಕಡೆಯವರೂ ಸಾಮಾನು ಕಟ್ಟಿಕೊಂಡು ಹೋದ ಭಾನುವಾರ, ಚರ್ಚಿನಿಂದ ಬಂದವನು ಒಳ್ಳೆಯ ಅಂಗಿಯನ್ನೂ ಬಿಚ್ಚದೆ ಹುಲ್ಲನ್ನೆಲ್ಲ ಅಗೆದು ಹಾಕಿದ. ಕೆಲಸ ಮಾಡುತ್ತ ಅವನು ಹಾಡಿದ್ದನ್ನು ಓಜೆಲ್ಲಾ ಕೇಳಿದ್ದು ಅದೇ ಮೊದಲು.

ಆಮೇಲೆ ಪುರಸಭೆಗೆ ನಮ್ಮವರೇ ಬಂದರು. ಮೊದಲ ಸಲ ನಮ್ಮವನು ಮೇಯರ್ ಆದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಊರಿಗೆಲ್ಲ ಮೀನು ಹುರಿದವಳು ಇದೇ ಓಜೆಲ್ಲಾ. ಎಣ್ಣೆ ಸಿಡಿದು ಮುಂಗೈ ಸುಟ್ಟ ಕಲೆ ಈಗಲೂ ಇದೆ. ಕುರ್ಚಿಯಲ್ಲಿ ಕೂತವರು ಬದಲಾದರು, ಗೋಡೆಯ ಮೇಲಿನ ಫೋಟೋಗಳು ಬದಲಾದವು. ಆ ನಿಯಮದ ಪುಸ್ತಕವನ್ನು ಮಾತ್ರ ಯಾರೂ ಹರಿದು ಬಿಸಾಡಲಿಲ್ಲ. ಕಪಾಟಿನಲ್ಲಿಟ್ಟು ಕಾದರು. ದುಡ್ಡು ಬೇಕಾದಾಗ ಧೂಳು ಒರೆಸಿ ತೆಗೆದರು. ಲುಟಿಷಾಳ ಮೊಮ್ಮಗನ ಕೈಗೆ ಕೊಟ್ಟರು.

ಆ ಕೆಂಪು ಮೂತಿಯವನ ಮೇಲೆ ಇಷ್ಟು ಸಿಟ್ಟು ಬಂದಿರಲಿಲ್ಲ ಅವಳಿಗೆ.

*

ತಿಂಗಳಿಗೊಂದು ಗುರುವಾರ ಸಂಜೆ ಪುರಸಭೆಯ ಮಹಡಿಯಲ್ಲಿ ಕೋರ್ಟು ಕೂರುತ್ತಿತ್ತು. ಮೇ ತಿಂಗಳ ಆ ಗುರುವಾರ ಓಜೆಲ್ಲಾ ಚರ್ಚಿನ ಹ್ಯಾಟು ಹಾಕಿಕೊಂಡು, ಕೈಚೀಲ ಮಡಿಲಲ್ಲಿಟ್ಟುಕೊಂಡು ಮುಂದಿನ ಬೆಂಚಿನಲ್ಲಿ ಕೂತಳು. ಒಂದು ಕಡೆ ಬರ್ಡಿ, ಇನ್ನೊಂದು ಕಡೆ ಡೀಕನ್. ಸುತ್ತ ನೋಡಿದರೆ ಎಲ್ಲ ಪರಿಚಯದ ಮುಖಗಳೇ. ಊರಿನ ಮೂರು ಚರ್ಚಿನವರೂ ಅಲ್ಲಿದ್ದರು.

"ಇಷ್ಟು ಜನ ಈಸ್ಟರ್ ಹಬ್ಬಕ್ಕೂ ಬರಲ್ವಲ್ಲಾ," ಎಂದು ಡೀಕನ್ ಪಿಸುಗುಟ್ಟಿದ. "ಪಾದ್ರಿಗಳಿಗೆ ಹೇಳ್ಬೇಕು, ಜುಲ್ಮಾನೆ ಶುರುಮಾಡಿ ಅಂತ."

ಜಡ್ಜ್ ಬೇರೆ ಊರಿನಿಂದ ಬರುವ ವಕೀಲ. ಗಡಿಯಾರ ನೋಡುತ್ತಲೇ ಹೆಸರು ಕೂಗಿದ. "ಓಜೆಲ್ಲಾ ಟಿಲ್ಮನ್. ಅಂಗಳದಲ್ಲಿ ಹುಲ್ಲು ಬೆಳೆಸದ ಆರೋಪ. ಏನು ಹೇಳ್ತೀರಿ?"

ಅವಳ ಚರ್ಚಿನಲ್ಲಿ ಬುಧವಾರದ ಸಂಜೆ ಮುಂದೆ ನಿಂತವರು ಹೆಸರು ಹಿಡಿದು ಏನು ಹೇಳ್ತೀ ಎಂದು ಕೇಳಿದರೆ, ಎದ್ದು ನಿಂತು ಸಾಕ್ಷಿ ಹೇಳುವುದು ಪದ್ಧತಿ. ಮೊದಲು ವಂದನೆ, ಆಮೇಲೆ ನಡೆದದ್ದೆಲ್ಲ ಒಂದೂ ಮುಚ್ಚಿಡದೆ. ಅರವತ್ತು ವರ್ಷದಿಂದ ಅವಳು ಹಾಗೇ ಎದ್ದು ನಿಂತವಳು. ಇಲ್ಲೂ ಹಾಗೇ ನಿಂತಳು.

"ಇವತ್ತು ಬೆಳಗ್ಗೆ ನನ್ನನ್ನ ಎಬ್ಬಿಸಿದ ದೇವರಿಗೆ ಮೊದಲ ವಂದನೆ. ಜಡ್ಜ್ ಸಾಹೇಬ್ರಿಗೆ ವಂದನೆ. ಇಲ್ಲಿ ಕೂತಿರೋ ಅಣ್ಣತಮ್ಮಂದಿರಿಗೆ, ಅಕ್ಕತಂಗೀರಿಗೆ ವಂದನೆ."

"ಆಮೆನ್," ಎಂದವು ಹಿಂದಿನ ಬೆಂಚುಗಳು.

ಜಡ್ಜ್ ತಲೆಯೆತ್ತಿದ.

"ಕಾಗದದಲ್ಲಿ ಬರೆದಿರೋದು ನಿಜ. ಹುಲ್ಲಿಲ್ಲ. ನಾನೇ ಬರೋಕೆ ಬಿಟ್ಟಿಲ್ಲ. ನಿನ್ನೆ ಗುಡಿಸಿದೀನಿ, ಇವತ್ತೂ ಗುಡಿಸಿದೀನಿ, ದೇವರು ಎಬ್ಬಿಸಿದ್ರೆ ನಾಳೆನೂ ಗುಡಿಸ್ತೀನಿ."

"ಹೇಳು ತಾಯೀ!" ಎಂದ ಯಾರೋ. "ನಿಧಾನಕ್ಕೆ ಹೇಳು!"

"ಎಪ್ಪತ್ತೆರಡನೇ ಇಸವೀಲಿ ನನ್ನ ಗಂಡ…"

ಜಡ್ಜ್ ಸುತ್ತಿಗೆ ಕುಟ್ಟಿದ. "ಅಷ್ಟು ಸಾಕು. ತಪ್ಪು ಒಪ್ಪಿಕೊಂಡಿದಾರೆ ಅಂತ ಬರ್ಕೊಳ್ಳಿ."

"ಇನ್ನೂ ಮುಗಿದಿಲ್ಲ ಸಾಹೇಬ್ರೇ. ಈಗ ತಾನೆ ಶುರುಮಾಡ್ತಿದೀನಿ."

"ನಮಗೆ ಬೇಕಾದ್ದು ಮುಗೀತಮ್ಮಾ."

ಚರ್ಚಿನಲ್ಲಿ ನಿಜ ಹೇಳಿದವರ ಹೆಗಲು ಹಗುರಾಗುತ್ತದೆ. ಇಲ್ಲಿ ನಿಜ ಹೇಳುವುದನ್ನೇ ಬಲೆ ಹಿಡಿದು ಕಾಯುತ್ತಾರೆ. ಅದು ಅವಳಿಗೆ ಗೊತ್ತಿರಲಿಲ್ಲ. ಜುಲ್ಮಾನೆಯ ಜೊತೆಗೆ ಅಪ್ಪಣೆಯೂ ಆಯಿತು: ಜೂನ್ ಮುಗಿಯುವುದರೊಳಗೆ ಹುಲ್ಲು ಹಾಕಬೇಕು. ಇಲ್ಲವಾದರೆ ಪುರಸಭೆಯೇ ಹಾಕಿಸಿ, ಖರ್ಚನ್ನು ಮನೆಯ ಮೇಲೆ ಬರೆಯುತ್ತದೆ. ಕಟ್ಟದಿದ್ದರೆ ಮನೆ ಹರಾಜು.

ಮೆಟ್ಟಿಲಿಳಿಯುವಾಗ ಬರ್ಡಿ ಅಕ್ಕನ ತೋಳು ಹಿಡಿದಿದ್ದಳು. "ನಿನ್ನ ಅಂಗಳಕ್ಕೋಸ್ಕರ ನನ್ನನ್ನ ಯಾರ ನೆಲಮಾಳಿಗೇಲಿ ಹಾಕ್ತೀಯಾ ಅಕ್ಕಾ?" ಎಂದಳು. ಜೋರಾಗಿ ಹೇಳಲಿಲ್ಲ.

ಓಜೆಲ್ಲಾ ತನ್ನ ತೋಳು ಹಿಡಿದ ಕೈಯನ್ನೇ ನೋಡಿದಳು. ಬರ್ಡಿ ಹೋಗುವುದಕ್ಕೆ ಬೇರೆ ಮನೆಯೇ ಇರಲಿಲ್ಲ. "ಆಯ್ತು," ಎಂದಳು. "ಹಾಕ್ಸು."

*

ಚಾಪೆಯ ಹಾಗೆ ಸುತ್ತಿದ ಹುಲ್ಲನ್ನು ಡೀಕನ್ ತನ್ನ ಹಳೇ ಪಿಕಪ್ ಗಾಡಿಯಲ್ಲಿ ತಂದ. ಚರ್ಚಿನ ಗಂಡಸರು ಬಂದು ಬಿಡಿಸಿ ಹಾಸಿದರು. ಓಜೆಲ್ಲಾ ಎಲ್ಲರಿಗೂ ತಣ್ಣನೆಯ ಚಹಾ ಕೊಟ್ಟಳು. ಆಮೇಲೆ ಒಳಗೆ ಹೋಗಿ ಬರಲನ್ನು ಹಿಂಬಾಗಿಲ ಮೂಲೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿದಳು. ಮರುದಿನ ಬೆಳಗ್ಗೆ ಎದ್ದವಳಿಗೆ ಕೈಗೆ ಕೆಲಸವಿರಲಿಲ್ಲ. ಜಗಲಿಯಲ್ಲಿ ಕೂತು ನೋಡಿದಳು. ರಾತ್ರಿ ಬೆಕ್ಕು ಬಂದಿತ್ತೋ, ಪೇಪರಿನವನು ಎಲ್ಲಿಯವರೆಗೆ ಬಂದಿದ್ದನೋ, ಮೊದಲಾದರೆ ನೆಲ ಹೇಳುತ್ತಿತ್ತು. ಹುಲ್ಲು ಏನೂ ಹೇಳಲಿಲ್ಲ.

ಬರ್ಡಿ ಸಂಜೆ ಸಂಜೆ ನೀರು ಬಿಟ್ಟಳು. ಹುಲ್ಲಿನ ಜೊತೆ ಮಾತೂ ಆಡಿದಳು. "ಬೇರು ಬಿಡೇ ತಾಯಿ, ಬಿಡೇ," ಎನ್ನುತ್ತಿದ್ದಳು. ಆದರೆ ನಲವತ್ತು ವರ್ಷ ದಿನಾ ಗುಡಿಸಿ, ತುಳಿದು, ಮಳೆಬಿಸಿಲಿಗೆ ಹದವಾದ ನೆಲ ಅದು. ಹೆಂಚಿನ ಹಾಗಿತ್ತು. ಬೇರಿಗೆ ದಾರಿ ಸಿಗಲಿಲ್ಲ. ಜುಲೈ ಬಿಸಿಲು ಏರಿತು. ಮೊದಲು ಅಂಚು ಹಳದಿಯಾಯಿತು. ಆಗಸ್ಟ್ ಬರುವಷ್ಟರಲ್ಲಿ ಇಡೀ ಅಂಗಳ ಹಳೇ ಗೋಣಿಚೀಲದ ಬಣ್ಣಕ್ಕೆ ತಿರುಗಿ, ಕೆಳಗೆ ಇರುವೆ, ಮೇಲೆ ನೊಣ ಆಡತೊಡಗಿದವು.

ಒಂದು ಬುಧವಾರ ಬೆಳಗ್ಗೆ ಬಿಳಿ ಕಾರು ಮತ್ತೆ ಬಂತು. ಈ ಸಲ ಕಾರ್ಡೆಲ್ ಗುಡ್ ಮಾರ್ನಿಂಗ್ ಕೂಡ ಹೇಳಲಿಲ್ಲ. ಕಾಗದವನ್ನು ಗೇಟಿಗೆ ಸಿಕ್ಕಿಸಿ ಹೊರಡಲು ತಿರುಗಿದ.

"ನಿಲ್ಲೋ," ಎಂದಳು ಓಜೆಲ್ಲಾ ಜಗಲಿಯಿಂದ. "ಅದನ್ನ ಓದಿ ಹೇಳು. ಕನ್ನಡಕ ಒಳಗಿದೆ."

ಕನ್ನಡಕ ಅವಳ ಕೊರಳಲ್ಲೇ ನೇತಾಡುತ್ತಿತ್ತು. ಕಾರ್ಡೆಲ್ ಅದನ್ನು ನೋಡಿದ, ಕಾಗದ ಬಿಡಿಸಿದ. "ಅಂಗಳದಲ್ಲಿ… ಸತ್ತ ಹುಲ್ಲು ಇಟ್ಟುಕೊಂಡಿರೋದಕ್ಕೆ."

"ಇನ್ನೊಂದ್ಸಲ ಓದು."

"ಮಿಸ್ ಓಜೆಲ್ಲಾ, ನಾನೇನು ಮಾಡ್ಲಿ? ವಾರಕ್ಕೆ ಇಷ್ಟು ಕಾಗದ ಬರೀಲೇಬೇಕು ಅಂತಾರೆ. ಬರೀದಿದ್ರೆ ಬೇರೆಯೋನು ಬರ್ತಾನೆ."

"ಬರ್ಲಿ. ಅವನು ಬೇರೆಯೋನು. ನೀನು ಈ ಅಂಗಳದಲ್ಲಿ ನಡೆಯೋದು ಕಲಿತೋನು ಕಣೋ. ಲುಟಿಷಾ ಕೆಲಸಕ್ಕೆ ಹೋದಾಗ ನಿನ್ನ ಇಲ್ಲೇ ಬಿಟ್ಟು ಹೋಗ್ತಿದ್ಲು. ಬಿದ್ದಾಗ ನಿನ್ನ ಮಂಡಿಗೆ ಮೆತ್ತಿದ ಮಣ್ಣು ಈ ಮಣ್ಣು. ಹುಲ್ಲಿಲ್ಲ ಅಂತ ಬರ್ದೆ, ಹಾಕಿದ್ವಿ. ಹಾಕಿದ ಹುಲ್ಲು ಸತ್ತಿದೆ ಅಂತ ಬರೀತಿದೀಯ. ನಾಳೆ ನಾನೂ ಸಾಯ್ತೀನಿ, ಅದಕ್ಕೂ ಒಂದು ಬರೆದಿಟ್ಕೋ, ಆಮೇಲೆ ಬರೋ ಖರ್ಚು ಉಳಿಯುತ್ತೆ."

ಬರ್ಡಿ ಒಳಗಿನಿಂದ ಬಂದಳು. ಕಾಗದ ಓದಿದಳು. ಎರಡು ತಿಂಗಳು ನೀರು ಬಿಟ್ಟವಳು ಅವಳು. ಅದನ್ನು ಮಡಿಸಿ ಏಪ್ರನ್ ಜೇಬಿಗೆ ಹಾಕಿಕೊಂಡು, ಕಾರ್ಡೆಲ್ ಹೋದ ಮೇಲೆ ಬೇಲಿಯ ಹತ್ತಿರ ಹೋಗಿ ಕೂಗಿದಳು.

"ಡೀಕನ್! ನಿಮ್ಮ ಗಾಡಿಗೆ ಪೆಟ್ರೋಲ್ ಇದೆಯಾ?"

ಓಜೆಲ್ಲಾ ತಿರುಗಿ ತಂಗಿಯ ಮುಖ ನೋಡಿದಳು. "ಎಲ್ಲಿಗೇ?"

"ಇದು ಅವರ ಹುಲ್ಲು. ಅವರಿಗೆ ಬೇಕಂತೆ. ಕೊಟ್ಟು ಬರೋಣ."

ಬೇರು ಹಿಡಿಯದ ಹುಲ್ಲು ಹಾಸಿದ ಹಾಗೆಯೇ ಎದ್ದು ಬಂತು. ಸುತ್ತಿ ಸುತ್ತಿ ಗಾಡಿಗೆ ತುಂಬಿದರು. ಡೀಕನ್‌ಗೆ ಸೊಂಟ ಹಿಡಿದರೂ ಬಿಡಲಿಲ್ಲ. ಸಂಜೆ ಪ್ರಾರ್ಥನೆಗೆ ಹೊರಟಿದ್ದ ಹೆಂಗಸರು ನಾಲ್ಕಾರು ಜನ ದಾರಿಯಲ್ಲೇ ನಿಂತು, ಹ್ಯಾಟು ತೆಗೆದು ಬೇಲಿಗೆ ಸಿಕ್ಕಿಸಿ ಕೈಹಾಕಿದರು. ಲೊರೀನ್ ಕೂಡ ಇದ್ದಳು.

ಪುರಸಭೆಯ ಮುಂದಿನ ಅಂಗಳ ನೋಡಬೇಕಿತ್ತು ನೀವು. ಬಾವುಟದ ಕಂಬದ ಸುತ್ತ ಮೊಣಕಾಲೆತ್ತರದ ಕಳೆ, ಸಿಗರೇಟಿನ ತುಂಡುಗಳು, ಒಡೆದ ಬಾಟಲಿ. ಬಾಗಿಲಿನ ಬಣ್ಣ ಚಕ್ಕೆ ಚಕ್ಕೆ ಎದ್ದಿತ್ತು. ಕಿಟಕಿಯ ಪರದೆ ಡೀಕನ್‌ನ ಪರದೆಗಿಂತ ಹೆಚ್ಚು ವಾಲಿತ್ತು. ಆ ಬಾಗಿಲಿಗೆ ಯಾರೂ ಹಳದಿ ಕಾಗದ ಸಿಕ್ಕಿಸಿರಲಿಲ್ಲ.

ಅವರು ಮೆಟ್ಟಿಲ ಬುಡದಿಂದ ಕಂಬದವರೆಗೆ ಸತ್ತ ಹುಲ್ಲನ್ನು ನೀಟಾಗಿ ಬಿಡಿಸಿ ಹಾಸಿದರು. ಪೊಲೀಸಿನವನೊಬ್ಬ ಹೊರಗೆ ಬಂದ. "ಲೇಡೀಸ್, ಏನಿದು?"

"ವಾಪಸು ಕೊಡ್ತಿದೀವಪ್ಪಾ," ಎಂದಳು ಬರ್ಡಿ. "ನೀರು ಬಿಡಿ, ಮಾತಾಡ್ಸಿ. ನನ್ನ ಮಾತು ಕೇಳ್ಲಿಲ್ಲ, ನಿಮ್ಮ ಮಾತು ಕೇಳ್ಬಹುದು."

ಓಜೆಲ್ಲಾಳ ಹೆಸರಿಗೆ ಇನ್ನೊಂದು ಕಾಗದ ಬಂತು: ಸಾರ್ವಜನಿಕ ಜಾಗದಲ್ಲಿ ಕಸ ಹಾಕಿದ್ದಕ್ಕೆ. ಆದರೆ ಮರುದಿನ ಏಳಕ್ಕೆ ಮುಂಚೆ ಬರಲಿನ ಸದ್ದು ಮತ್ತೆ ಬೀದಿಗೆ ಕೇಳಿಸಿತು. ಡೀಕನ್ ಹಾಸಿಗೆಯಲ್ಲೇ ಆಮೆನ್ ಎಂದನಂತೆ.

*

ಸೆಪ್ಟೆಂಬರಿನ ಗುರುವಾರ ಕೋರ್ಟಿನ ಮೆಟ್ಟಿಲ ಮೇಲೆ ಬರ್ಡಿ ಅಕ್ಕನಿಗೆ ಪಾಠ ಹೇಳಿದಳು. "ವಂದನೆ ಹೇಳ್ಬೇಡ. ದೇವರ ಹೆಸರೆತ್ತಬೇಡ. ಕೇಳಿದ್ರೆ ಇಲ್ಲ ಅನ್ನು. ಅಷ್ಟೇ."

"ಅಷ್ಟು ಸಣ್ಣ ಸಾಕ್ಷಿ ನಾನು ಹೇಳಿಯೇ ಇಲ್ಲ ಕಣೇ."

"ಇವತ್ತು ಹೇಳು."

ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ; ಜನ ಗೋಡೆಗೆ ಒರಗಿ ನಿಂತಿದ್ದರು. ಹೆಸರು ಕೂಗಿದರು. ಸತ್ತ ಹುಲ್ಲು ಇಟ್ಟುಕೊಂಡ ತಪ್ಪು ಒಪ್ಪುತ್ತೀರಾ ಎಂದು ಜಡ್ಜ್ ಕೇಳಿದ. ಓಜೆಲ್ಲಾ ಎದ್ದು ನಿಂತು, ಬಾಯಿ ತೆರೆದು, ಬರ್ಡಿಯ ಕಡೆ ನೋಡಿ ಮುಚ್ಚಿದಳು.

"ಇಲ್ಲ."

ಹಿಂದಿನ ಬೆಂಚಿನವರು ಕಾದರು. ಮುಂದೇನೂ ಬರಲಿಲ್ಲ. "ಅಷ್ಟೇನಾ?" ಎಂದು ಯಾರೋ ನಿರಾಶೆಯಿಂದ ಕೇಳಿದ್ದಕ್ಕೆ ಜಡ್ಜ್ ಸುತ್ತಿಗೆ ಎತ್ತಿದ. ತಪ್ಪಿಲ್ಲ ಎಂದ ಮೇಲೆ ಪುರಸಭೆಯ ಕಡೆಯವನು ಬಂದು ಕಂಡದ್ದನ್ನು ಹೇಳಲೇಬೇಕು. ಕಾರ್ಡೆಲ್‌ನನ್ನು ಕರೆದರು. ಅವನು ಬೈಬಲ್ ಮೇಲೆ ಕೈಯಿಟ್ಟ.

"ಅಂಗಳದಲ್ಲಿ ಏನು ನೋಡಿದೆ?" ಎಂದ ಜಡ್ಜ್.

ಕಾರ್ಡೆಲ್ ಓಜೆಲ್ಲಾಳ ಕಡೆ ನೋಡಿದ. ಕೈ ಇನ್ನೂ ಬೈಬಲ್ ಮೇಲೇ ಇತ್ತು. "ಏಪ್ರಿಲ್‌ನಲ್ಲಿ ನೋಡಿದಾಗ ಚೊಕ್ಕಟವಾಗಿತ್ತು ಸಾರ್."

"ಆಗಸ್ಟ್ ವಿಷಯ ಕೇಳ್ತಿದೀನಿ."

"ಆಗಸ್ಟ್‌ನಲ್ಲಿ ಹುಲ್ಲು ಸತ್ತಿತ್ತು. ನಾವು ಹಾಕ್ಸಿದ ಹುಲ್ಲು. ಅವರಿಗೆ ಬೇಡವಾಗಿತ್ತು. ದಿನಾ ನೀರು ಬಿಟ್ಟಿದಾರೆ, ನಾನು ಕಾರಲ್ಲಿ ಹೋಗ್ತಾ ನೋಡಿದೀನಿ. ಈ ಊರಲ್ಲಿ ಅದಕ್ಕಿಂತ ಚೊಕ್ಕಟವಾದ ಅಂಗಳ ನಾನು ನೋಡಿಲ್ಲ. ಕಾಗದ ಬರೀಬಾರದಿತ್ತು. ಬರೆದೆ."

ಆಮೆನ್ ಎಂದದ್ದು ಯಾರೋ ಒಬ್ಬರಲ್ಲ. ಜಡ್ಜ್ ಎಷ್ಟು ಕುಟ್ಟಿದರೂ ಸುತ್ತಿಗೆಯ ಸದ್ದು ಅದರೊಳಗೆ ಮುಳುಗಿಹೋಯಿತು. ಕಡೆಗೆ ಅವನು ಕೆಂಪಗಾಗಿ, ಸತ್ತ ಹುಲ್ಲಿನ ಕಾಗದವನ್ನು ವಜಾ ಮಾಡಿದ. ಇನ್ನು ಆ ನೆಲಕ್ಕೆ ಹುಲ್ಲು ಹಾಕಿಸುವ ಅಪ್ಪಣೆಯನ್ನೂ ಒತ್ತಾಯಿಸುವುದಿಲ್ಲ ಎಂದ. ಸುಮ್ಮನೆ ಬಿಟ್ಟರೆ ಮರ್ಯಾದೆ ಉಳಿಯದಲ್ಲ. ಕಸ ಹಾಕಿದ್ದನ್ನು ಪೊಲೀಸಿನವನೇ ಕಂಡಿದ್ದ; ಆ ತಪ್ಪಿಗೆ ಎರಡು ಶನಿವಾರ ಪುರಸಭೆಯ ಮುಂದೆ ಗುಡಿಸಬೇಕು ಎಂದು ಶಿಕ್ಷೆ ಕೊಟ್ಟ.

"ಬರಲು ನಂದೇ ತರ್ತೀನಿ," ಎಂದಳು ಓಜೆಲ್ಲಾ.

ಹೊರಗೆ ಮೆಟ್ಟಿಲ ಹತ್ತಿರ ಕಾರ್ಡೆಲ್ ಕಾಯುತ್ತಿದ್ದ. "ಮಿಸ್ ಓಜೆಲ್ಲಾ…"

"ಒಂದು ನಿಜ ಹೇಳ್ದೆ," ಎಂದಳು ಅವಳು ನಿಲ್ಲದೆ. "ಒಳ್ಳೇದು. ಲೊರೀನ್ ಮನೆ ಮುಂದೆ ನಿಂತಾಗ ಏನು ಹೇಳಿದ್ದೆ?"

ಉತ್ತರಕ್ಕೆ ಕಾಯದೆ ನಡೆದಳು. ಮರುದಿನವೇ ಪುರಸಭೆ ಅವನಿಂದ ಬಿಳಿ ಕಾರಿನ ಕೀಲಿ ಕಸಿದುಕೊಂಡು ಕೆಲಸದಿಂದ ತೆಗೆಯಿತು.

ಎರಡು ಶನಿವಾರ ಓಜೆಲ್ಲಾ ತನ್ನ ಅಂಗಳ ಗುಡಿಸುವ ಹಾಗೆಯೇ ಅಲ್ಲೂ ಗುಡಿಸಿದಳು. ಸತ್ತ ಹುಲ್ಲನ್ನು ಎತ್ತಿಸಿದಳು, ಕಳೆ ಕಿತ್ತಳು. ಅವಳ ಜೊತೆ ಬರ್ಡಿ, ಲೊರೀನ್, ಚರ್ಚಿನ ಹೆಂಗಸರು. ಎರಡನೆಯ ಶನಿವಾರದ ಮಧ್ಯಾಹ್ನ ಬಾವುಟದ ಕಂಬದ ಸುತ್ತ ಕೆಂಪು ನೆಲ ಬೀಸಣಿಗೆ ಗೆರೆ ಹೊತ್ತು ಮಿರಮಿರ ಮಿಂಚುತ್ತಿತ್ತು.

"ಒಂದು ಎಸಳು ಹುಲ್ಲಿಲ್ವಲ್ಲಪ್ಪಾ," ಎಂದ ಡೀಕನ್ ಗಾಡಿಯಿಂದಿಳಿದು ಗಲ್ಲ ಕೆರೆಯುತ್ತ. "ಈ ಮನೆಯವ್ರಿಗೆ ಯಾರು ನೋಟಿಸ್ ಕೊಡ್ತಾರೆ?"

ಯಾರೂ ಕೊಡಲಿಲ್ಲ. ಇಷ್ಟು ಹೊತ್ತಿಗೂ ಕೊಟ್ಟಿಲ್ಲ. ನಿಯಮದ ಪುಸ್ತಕ ಅದೇ ಕಪಾಟಿನಲ್ಲಿದೆ. ಮುಂದಿನ ಬುಧವಾರವೇ ಬಿಳಿ ಕಾರು ಹಿಂದಿನ ಬೀದಿಯಲ್ಲಿ ಕಂಡಿತು; ಒಳಗೆ ಯಾರೋ ಹೊಸಬ. ಲೊರೀನ್‌ಗೆ ಅವಳ ಮನೆ ವಾಪಸು ಬರಲಿಲ್ಲ.

ಅದಾದ ಎರಡನೆಯ ಬೆಳಗ್ಗೆ ಓಜೆಲ್ಲಾ ಗುಡಿಸಿ ಮುಗಿಸಿ ಜಗಲಿ ಹತ್ತಿದ್ದಳಷ್ಟೆ. ಗೇಟಿನಾಚೆ ಹಳೆಯ ಕಾರೊಂದು ನಿಂತಿತು. ಹಿಂದಿನ ಸೀಟಿನ ತುಂಬ ಬಟ್ಟೆಯ ಗಂಟು, ಒಂದು ದಿಂಬು. ಕಾರ್ಡೆಲ್ ಇಳಿದು ಬೇಲಿಯ ಹೊರಗೇ ನಿಂತ.

"ಕಾನ್ಸಾಸ್ ಸಿಟೀಲಿ ಗೋದಾಮಿನ ಕೆಲಸ ಸಿಕ್ತು. ಹೇಳಿ ಹೋಗೋಣ ಅಂತ."

"ಒಳಗೆ ಬಾ ಅಂತ ಏಪ್ರಿಲ್‌ನಲ್ಲೇ ಕರೆದಿದ್ದೆ," ಎಂದಳು ಅವಳು.

ಅವನು ಗೇಟು ತೆಗೆದು, ಗೆರೆ ಕೆಡಿಸಲು ಹೆದರಿದವನಂತೆ ತುದಿಗಾಲಲ್ಲಿ ನಡೆದು ಬಂದ. ಬರ್ಡಿ ಮುಖ ಗಂಟಿಕ್ಕಿಕೊಂಡೇ ಮೊಟ್ಟೆ, ಬ್ರೆಡ್ಡು ಬಡಿಸಿದಳು. ಅವನು ತಲೆಯೆತ್ತದೆ ತಿಂದ. ಹೊರಡಲು ಎದ್ದಾಗ ಓಜೆಲ್ಲಾ ಮೂಲೆಯಿಂದ ಬರಲು ತಂದು ಅವನ ಕೈಗಿಟ್ಟಳು.

"ನಿನ್ನ ಹೆಜ್ಜೆ ನೀನೇ ಗುಡಿಸ್ಕೊಂಡು ಹೋಗು."

ಕಾರ್ಡೆಲ್ ಮನೆಗೆ ಮುಖ ಮಾಡಿ, ಜಗಲಿಯ ಬುಡದಿಂದ ಹಿಂದೆ ಹಿಂದೆ ನಡೆಯುತ್ತ ಗುಡಿಸಿದ. ಕೈಗೆ ಹದ ತಪ್ಪಿತ್ತು.

"ಎಡಗಡೆ ಉಳೀತು," ಎಂದಳು ಬರ್ಡಿ ಬಾಗಿಲಿನಿಂದ.

ಅವನು ಮತ್ತೆ ಎಳೆದ. ಗೇಟಿನವರೆಗೆ ಹೋಗಿ, ಬರಲನ್ನು ಬೇಲಿಗೆ ಒರಗಿಸಿ, ಒಂದು ಸಲ ಅಂಗಳವನ್ನೆಲ್ಲ ನೋಡಿ ಕಾರು ಹತ್ತಿದ. ಓಜೆಲ್ಲಾ ಕೈಬೀಸಲಿಲ್ಲ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಜಗಲಿಯಲ್ಲಿ ನಿಂತಿದ್ದಳು. ಲುಟಿಷಾಳ ಮೊಮ್ಮಗ ಲಾರ್ಕ್‌ಮೂರ್ ಬಿಟ್ಟು ಹೋದದ್ದು ಸೆಪ್ಟೆಂಬರಿನ ಕೊನೆಯ ಶುಕ್ರವಾರ.